ಹೆಂಚು ಎಂಬ ಬೋಕಿ

ತಲಕಾಡಿಗೆ ಬಂದವರು ಮರಳು ನೋಡುತ್ತಾರೆ, ಮರಳಿನಡಿಯ ಗುಡಿ ನೋಡುತ್ತಾರೆ. 1116ರಲ್ಲಿ ಚೋಳರಿಂದ ಈ ಊರನ್ನು ಗೆದ್ದು ವಿಷ್ಣುವರ್ಧನ 'ತಲಕಾಡುಗೊಂಡ'ನಾದ ಕತೆ ಕೇಳುತ್ತಾರೆ. ಕೀರ್ತಿನಾರಾಯಣನ ಕಲ್ಲುಚಾವಣಿಯ ಚರಿತ್ರೆ ಬರೆದವರು ಬೇಕಾದಷ್ಟು ಮಂದಿ. ಕೇರಿಯ ಚಾವಣಿಯ ಚರಿತ್ರೆ ಬರೆದವರು ಯಾರು? ಅಲ್ಲಿದ್ದದ್ದೇ ಹುಲ್ಲು, ಸೋಗೆ. ಮಳೆಗೆ ಕೊಳೆತು ಬೆಂಕಿಗೆ ಉರಿದು ಹೋಗುವ ಹುಲ್ಲಿಗೆ ಶಾಸನ ಎಲ್ಲಿಂದ ಬರಬೇಕು? ಅದಕ್ಕೇ ನಾವು ಒಂದು ಮಾತನ್ನು ಅಗೆದು ನೋಡುತ್ತಿದ್ದೇವೆ: ಹೆಂಚು.

ಹಿಂದೆ ಅದು ಪೆಂಚು. ಪಕಾರ ಹಕಾರವಾಗಿ ಹೆಂಚಾಯಿತು, ಜನರ ಬಾಯಲ್ಲಿ ಹಂಚೂ ಆಯಿತು. ತೆಲುಗರ ಪೆಂಕು ಇದರ ಒಡಹುಟ್ಟು. ಒಡೆದ ಮಡಕೆಯ ಚೂರು, ಅಂದರೆ ಬೋಕಿ, ಅದೂ ಹೆಂಚೇ; ಒಲೆಯ ಮೇಲೆ ರೊಟ್ಟಿ ಸುಡುವುದೂ ಹೆಂಚೇ; ಮನೆಗೆ ಹೊದಿಸುವುದೂ ಹೆಂಚೇ. ಎಲ್ಲ ಸುಟ್ಟ ಮಣ್ಣು. ಕುಂಬಾರ ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಸೀಳಿ ಸುಟ್ಟರೆ ಎರಡು ನಾಡಹೆಂಚು. ಮಡಕೆಚೂರಿನ ಹೆಸರು ಮನೆಯ ನೆತ್ತಿಗೆ ಏರಿದ್ದು ಹೀಗೇ ಎಂದು ನಮಗೆ ತೋರುತ್ತದೆ.

ಹೆಸರು ಏರಿತು, ನಾವು ಏರಲಿಲ್ಲ. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರು ಒಡೆದ ಪಾತ್ರೆಯಲ್ಲಿ ಉಣ್ಣಬೇಕೆಂದು ವಿಧಿಸಿತು. ಬೋಕಿ ನಮಗೆ, ಚಾವಣಿ ಅವರಿಗೆ! ಪಕ್ಕದ ಮಲಬಾರಿನಲ್ಲಂತೂ ಹೆಂಚು ಗುಡಿಗೂ ಅರಮನೆಗೂ ಮೀಸಲಾಗಿತ್ತು. ಮಿಕ್ಕವರು ಹೊದಿಸಬೇಕಾದರೆ ಅರಸನ ಅಪ್ಪಣೆ ಬೇಕಿತ್ತು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದೇ ಮಿಶನ್ನಿನ ಕಿಟೆಲ್ಲರ ನಿಘಂಟು 1894ರಲ್ಲಿ ಹೊರಬಂತು. ಹೆಂಚನ್ನು ಅಚ್ಚಿಗೆ ಹಾಕಿದವರೂ ಹೆಂಚೆಂಬ ಮಾತನ್ನು ಅಚ್ಚಿಗೆ ಹಾಕಿದವರೂ ಒಂದೇ ಮನೆಯವರು ಅನ್ನಿ. ಯಂತ್ರದಲ್ಲಿ ಒತ್ತಿದ ಚಪ್ಪಟೆ ಹೆಂಚಿಗೆ ಜಾತಿ ಗೊತ್ತಿಲ್ಲ, ಕಾಸು ಗೊತ್ತು. ನಮ್ಮಲ್ಲಿ ಕಾಸೂ ಇರಲಿಲ್ಲ.

ನಮ್ಮ ಕೇರಿಗೆ ಮಂಗಳೂರು ಹೆಂಚು ಬಂದದ್ದು 1970ರ ದಶಕದಲ್ಲಿ, ದೇವರಾಜ ಅರಸರ ಕಾಲದ ಜನತಾ ಮನೆಗಳ ಜೊತೆ. "ಗುಡ್ಲು ಸೋರೋವಾಗ ಮಕ್ಕಳ ಮೇಲೆ ನಾನೇ ಬಗ್ಗಿ ಕೂತ್ಕತಿದ್ದೆ ಕನ ಮಗ. ಹೆಂಚಾದ ಮೊದಲ್ನೇ ಮಳೇಲಿ, ಆ ಸದ್ದಿಗೆ ನಿದ್ದೇನೇ ಬರ್ನಿಲ್ಲ" ಅನ್ನುತ್ತಿದ್ದಳು ನಮ್ಮಜ್ಜಿ. ಮೇಲ್ಕೇರಿಯ ಯಾರೋ, "ಇವರೂ ಹೆಂಚಾಕಿಸ್ಕಂಡ್ರೆ ಇನ್ನು ಕೂಲಿಗೆ ಬರೋರ್ಯಾರು?" ಅಂದರಂತೆ.

ಅಜ್ಜಿ ಮರುದಿನವೂ ಕೂಲಿಗೆ ಹೋದಳು. ಆ ಮನೆಯ ಹಿತ್ತಲಲ್ಲಿ ಅವಳಿಗೆ ನೀರು ಹುಯ್ದದ್ದು ಬೋಕಿಗೇ.