ಭಾರಿ ಸರಕು ವಾಹನ ಚಾಲನಾ ಪರವಾನಗಿ: ತರಬೇತಿಗೆ ಸೇರುವ ಮುನ್ನ ತಿಳಿದಿರಬೇಕಾದ ವಿಷಯಗಳು

ಲಾರಿ ಚಾಲನೆಯನ್ನು ವೃತ್ತಿಯಾಗಿ ಕೈಗೊಳ್ಳಲು ಇಚ್ಛಿಸುವ ಅನೇಕರು ಮೊದಲು ಚಾಲನಾ ತರಬೇತಿ ಶಾಲೆಗೆ ಹಣ ಪಾವತಿಸಿ, ಅನಂತರ ತಮ್ಮ ಅರ್ಹತೆಯನ್ನು ವಿಚಾರಿಸುತ್ತಾರೆ. ದೃಷ್ಟಿದೋಷ, ಹಿಂದಿನ ಪರವಾನಗಿಯ ಅವಧಿ ಸಾಲದಿರುವುದು ಅಥವಾ ತಾವು ಓಡಿಸಲಿರುವ ವಾಹನಕ್ಕೆ ಈ ಪರವಾನಗಿಯೇ ಅಗತ್ಯವಿಲ್ಲದಿರುವುದು ತಡವಾಗಿ ತಿಳಿದುಬಂದಲ್ಲಿ ಹಣವೂ ಸಮಯವೂ ವ್ಯರ್ಥವಾಗುತ್ತವೆ. ಆದುದರಿಂದ ತರಬೇತಿಗೆ ಸೇರುವ ಮುನ್ನ ಅರ್ಜಿದಾರರು ಈ ಕೆಳಕಂಡ ವಿಷಯಗಳನ್ನು ಅನುಕ್ರಮವಾಗಿ ಪರಿಶೀಲಿಸಿಕೊಳ್ಳುವುದು ಸೂಕ್ತ.

1. ಯಾವ ವಾಹನಕ್ಕೆ ಯಾವ ಪರವಾನಗಿ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನವು ಲಘು ಮೋಟಾರು ವಾಹನವಾಗಿರುತ್ತದೆ. 12,000 ಕಿಲೋಗ್ರಾಂ ಮೀರಿದ ವಾಹನವು ಭಾರಿ ಸರಕು ವಾಹನವಾಗಿದ್ದು, ಇವೆರಡರ ನಡುವಿನದು ಮಧ್ಯಮ ಸರಕು ವಾಹನವಾಗಿರುತ್ತದೆ. ಒಟ್ಟು ತೂಕವೆಂದರೆ ವಾಹನದ ಸ್ವಂತ ತೂಕ ಹಾಗೂ ಅದು ಹೊರಬಹುದಾದ ಸರಕಿನ ತೂಕ ಸೇರಿದ ಮೊತ್ತ. ಇದನ್ನು ವಾಹನದ ನೋಂದಣಿ ಪತ್ರದಲ್ಲಿ ನಮೂದಿಸಲಾಗಿರುತ್ತದೆ.

ಲಘು ಮೋಟಾರು ವಾಹನದ ಪರವಾನಗಿ ಹೊಂದಿರುವವರು 7,500 ಕಿಲೋಗ್ರಾಂ ಮಿತಿಯೊಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ಟಾಟಾ ಏಸ್‌ನಂತಹ ಚಿಕ್ಕ ಸರಕು ವಾಹನದಲ್ಲಿ ತರಕಾರಿ, ಹಾಲು ಅಥವಾ ದಿನಸಿ ಸಾಗಿಸಲು ಮಾತ್ರ ಉದ್ದೇಶಿಸಿರುವವರು ಭಾರಿ ವಾಹನದ ತರಬೇತಿಗಾಗಿ ಸಾಲ ಮಾಡುವ ಅಗತ್ಯವಿರುವುದಿಲ್ಲ. ಆದರೆ ಮಧ್ಯಮ ಮತ್ತು ಭಾರಿ ಸರಕು ವಾಹನಗಳಿಗೂ ಅಪಾಯಕಾರಿ ವಸ್ತುಗಳ ಸಾಗಣೆಗೂ ಕಾನೂನಿನ ಹೆಚ್ಚುವರಿ ಅರ್ಹತೆಗಳು ಎಂದಿನಂತೆ ಅನ್ವಯಿಸುತ್ತವೆ.

2. ವಯಸ್ಸು ಮತ್ತು ಹಿಂದಿನ ಪರವಾನಗಿ

(ಅ) ಸಾರಿಗೆ ವಾಹನ ಓಡಿಸಲು 20 ವರ್ಷ ಪೂರ್ಣಗೊಂಡಿರತಕ್ಕದ್ದು.

(ಆ) ಲಘು ಮೋಟಾರು ವಾಹನದ ಪರವಾನಗಿಯನ್ನು ಕನಿಷ್ಠ ಒಂದು ವರ್ಷ ಹೊಂದಿದವರಿಗೆ ಮಾತ್ರ ಸಾರಿಗೆ ವಾಹನದ ಕಲಿಕಾ ಪರವಾನಗಿ ನೀಡಲಾಗುತ್ತದೆ. ದ್ವಿಚಕ್ರ ವಾಹನದ ಪರವಾನಗಿ ಇದಕ್ಕೆ ಪರಿಗಣಿತವಾಗುವುದಿಲ್ಲ.

(ಇ) ಎಂಟನೆಯ ತರಗತಿ ಉತ್ತೀರ್ಣರಾಗಿರಬೇಕೆಂಬ ಷರತ್ತನ್ನು 2019ರಲ್ಲಿ ರದ್ದುಪಡಿಸಲಾಗಿದೆ. ಆದಾಗ್ಯೂ ನೇಮಕಾತಿ ಮಾಡಿಕೊಳ್ಳುವ ಸಂಸ್ಥೆಗಳು ತಮ್ಮದೇ ವಿದ್ಯಾರ್ಹತೆಯನ್ನು ನಿಗದಿಪಡಿಸಬಹುದು.

3. ವೈದ್ಯಕೀಯ ಅರ್ಹತೆ

ಸಾರಿಗೆ ವಾಹನದ ಅರ್ಜಿಯೊಂದಿಗೆ ನೋಂದಾಯಿತ ವೈದ್ಯರು ನೀಡಿದ ನಮೂನೆ-1ಎ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನೋಂದಣಿ ಫಲಕವನ್ನು ಓದುವ ಸಾಮರ್ಥ್ಯ, ಕೆಂಪು ಮತ್ತು ಹಸಿರು ಬಣ್ಣಗಳನ್ನು ಗುರುತಿಸುವ ಸಾಮರ್ಥ್ಯ, ಇರುಳುಗುರುಡು, ಶ್ರವಣದೋಷ, ಮೂರ್ಛೆರೋಗ, ತಲೆಸುತ್ತು ಮುಂತಾದವುಗಳ ಬಗ್ಗೆ ವೈದ್ಯರು ಪರೀಕ್ಷಿಸುತ್ತಾರೆ. ಅಗತ್ಯವಿದ್ದಲ್ಲಿ ಕನ್ನಡಕ ಬಳಸಬಹುದು.

ಈ ಪರೀಕ್ಷೆಯ ವೆಚ್ಚವು ತರಬೇತಿ ಶುಲ್ಕದ ಅಲ್ಪಭಾಗವಷ್ಟೆ. ಆದುದರಿಂದ ಶಾಲೆಗೆ ಮುಂಗಡ ನೀಡುವ ಮೊದಲೇ ಇದನ್ನು ಮಾಡಿಸಿಕೊಳ್ಳತಕ್ಕದ್ದು. ಮೂರ್ಛೆರೋಗದಂತಹ ತೊಂದರೆಯನ್ನು ಮರೆಮಾಚಿ ಪ್ರಮಾಣಪತ್ರ ಪಡೆದರೆ ಅದರ ಅಪಾಯವು ಚಾಲಕನ ಜೊತೆಗೆ ರಸ್ತೆಯಲ್ಲಿ ಸಾಗುವ ಇತರರಿಗೂ ತಟ್ಟುತ್ತದೆ.

4. ತರಬೇತಿ ಶಾಲೆಯ ಆಯ್ಕೆ

ಸಾರಿಗೆ ವಾಹನದ ಪರವಾನಗಿಗೆ ಪರವಾನಗಿ ಪಡೆದ ಚಾಲನಾ ತರಬೇತಿ ಶಾಲೆಯು ನೀಡುವ ನಮೂನೆ-5 ಪ್ರಮಾಣಪತ್ರ ಅಗತ್ಯ. ಹಲವು ವರ್ಷ ಲಾರಿಯಲ್ಲಿ ಕ್ಲೀನರ್ ಆಗಿ ದುಡಿದು, ಚಾಲಕರ ಪಕ್ಕದಲ್ಲಿ ಕುಳಿತು ಕೆಲಸ ಕಲಿತವರಿಗೂ ಇದು ಅನ್ವಯಿಸುತ್ತದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರಂತೆ ಇಂತಹ ಶಾಲೆಗಳಲ್ಲಿ ಸಾರಿಗೆ ವಾಹನದ ತರಬೇತಿಯು 30 ದಿನಗಳಿಗೆ ಕಡಿಮೆಯಿಲ್ಲದಂತೆಯೂ ವಾಸ್ತವಿಕ ಚಾಲನೆಯು 15 ಗಂಟೆಗಳಿಗೆ ಕಡಿಮೆಯಿಲ್ಲದಂತೆಯೂ ಇರತಕ್ಕದ್ದು. ಅಭ್ಯರ್ಥಿಯು ಚಲಾಯಿಸಿದ ಗಂಟೆಗಳನ್ನು ಶಾಲೆಯು ನಮೂನೆ-15ರ ವಹಿಯಲ್ಲಿ ದಾಖಲಿಸಬೇಕಾಗಿರುತ್ತದೆ.

ಸೇರುವ ಮುನ್ನ ಶಾಲೆಯಲ್ಲಿ ಈ ಅಂಶಗಳನ್ನು ವಿಚಾರಿಸುವುದು:

(ಅ) ಶಾಲೆಯ ಪರವಾನಗಿ ಚಾಲ್ತಿಯಲ್ಲಿದೆಯೇ, ಅದು ಭಾರಿ ವಾಹನ ತರಬೇತಿಗೂ ಅನ್ವಯಿಸುತ್ತದೆಯೇ.

(ಆ) ಒಂದು ವಾಹನಕ್ಕೆ ಎಷ್ಟು ಮಂದಿ ಅಭ್ಯರ್ಥಿಗಳು, ಪ್ರತಿಯೊಬ್ಬರ ಕೈಗೆ ಸ್ಟಿಯರಿಂಗ್ ಎಷ್ಟು ಗಂಟೆ ದೊರೆಯುತ್ತದೆ.

(ಇ) ಸರಕು ತುಂಬಿದ ವಾಹನದಲ್ಲಿ, ರಾತ್ರಿ ವೇಳೆಯಲ್ಲಿ ಹಾಗೂ ಇಳಿಜಾರಿನಲ್ಲಿ ಅಭ್ಯಾಸ ಮಾಡಿಸಲಾಗುತ್ತದೆಯೇ.

(ಈ) ಶುಲ್ಕಕ್ಕೆ ರಸೀದಿ ನೀಡಲಾಗುತ್ತದೆಯೇ.

ಮೂರನೆಯ ಅಂಶವನ್ನು ಅಲಕ್ಷಿಸಬಾರದು. ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿ ಇಳಿಯುವ ಲಾರಿಯಲ್ಲಿ ಚಾಲಕನು ಬ್ರೇಕನ್ನೇ ಸತತವಾಗಿ ಒತ್ತುತ್ತಿದ್ದರೆ ಬ್ರೇಕ್ ಡ್ರಮ್‌ಗಳು ಕಾಯ್ದು ಹಿಡಿತ ಕುಗ್ಗುತ್ತದೆ. ಇಳಿಯುವ ಮೊದಲೇ ಕೆಳ ಗೇರಿಗೆ ಬಂದು, ಎಂಜಿನ್ನಿನ ತಡೆಯಿಂದ ವೇಗವನ್ನು ಹಿಡಿದಿಟ್ಟು, ಬ್ರೇಕನ್ನು ಮಿತವಾಗಿ ಬಳಸುವುದನ್ನು ಸಮತಟ್ಟಾದ ಮೈದಾನದಲ್ಲಿ ಖಾಲಿ ವಾಹನದ ಮೇಲೆ ಕಲಿಯಲಾಗದು. ಅಂತೆಯೇ ಉದ್ದನೆಯ ವಾಹನ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗಿಂತ ಒಳಭಾಗದಲ್ಲಿ ಸಾಗುತ್ತವೆ. ಎಡ ಬಾಗಿಲಿನ ಕೆಳಗೆ ನಿಂತ ದ್ವಿಚಕ್ರ ಸವಾರನು ಚಾಲಕನಿಗೆ ಕಾಣದೇ ಇರಬಹುದು. ಇವುಗಳನ್ನು ಕಲಿಸದ ಶಾಲೆಯ ಪ್ರಮಾಣಪತ್ರದಿಂದ ಪರೀಕ್ಷೆಗೆ ಹಾಜರಾಗಬಹುದು, ಆದರೆ ವೃತ್ತಿಗೆ ಬೇಕಾದ ಸಾಮರ್ಥ್ಯ ದೊರೆಯುವುದಿಲ್ಲ.

5. ಪರೀಕ್ಷೆ ಮತ್ತು ಶುಲ್ಕ

ಕಲಿಕಾ ಪರವಾನಗಿಯು 6 ತಿಂಗಳ ಅವಧಿಗೆ ಮಾನ್ಯವಾಗಿದ್ದು, ಅದನ್ನು ಪಡೆದು 30 ದಿನಗಳಾದ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಅನುತ್ತೀರ್ಣರಾದವರು 7 ದಿನಗಳ ನಂತರ ಮರುಪರೀಕ್ಷೆಗೆ ಹಾಜರಾಗಬಹುದು. ಮೂರು ಬಾರಿ ಅನುತ್ತೀರ್ಣರಾದಲ್ಲಿ ಕೊನೆಯ ಪರೀಕ್ಷೆಯಿಂದ 60 ದಿನಗಳವರೆಗೆ ಅವಕಾಶವಿರುವುದಿಲ್ಲ. ಕೇಂದ್ರ ನಿಯಮಗಳಂತೆ ಕಲಿಕಾ ಪರವಾನಗಿಗೆ ಪ್ರತಿ ವರ್ಗಕ್ಕೆ ರೂ. 150, ಚಾಲನಾ ಪರೀಕ್ಷೆಗೆ ರೂ. 300 ಹಾಗೂ ಇರುವ ಪರವಾನಗಿಗೆ ಹೊಸ ವರ್ಗ ಸೇರಿಸಲು ರೂ. 500 ಶುಲ್ಕವಿದ್ದು, ಸೇವಾ ಶುಲ್ಕಗಳು ಪ್ರತ್ಯೇಕ. ಸರ್ಕಾರಿ ಶುಲ್ಕವನ್ನೂ ಶಾಲೆಯ ಶುಲ್ಕವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿಕೊಳ್ಳುವುದು ಸೂಕ್ತ.

6. ವೃತ್ತಿಯ ಸ್ವರೂಪ

ದೂರ ಪ್ರಯಾಣದ ಲಾರಿ ಚಾಲಕರು ಹಲವು ದಿನ ಮನೆಯಿಂದ ದೂರವಿರಬೇಕಾಗುತ್ತದೆ. ಸರಕು ತುಂಬಲು ಮತ್ತು ಇಳಿಸಲು ಕಾಯುವ ಸಮಯವೂ ದುಡಿಮೆಯ ಭಾಗವೇ ಆಗಿರುತ್ತದೆ. ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮ, 1961 ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020ರಲ್ಲಿಯೂ ದಿನಕ್ಕೆ 8 ಗಂಟೆಗಳ ಮಿತಿ ಮುಂದುವರಿದಿದೆ. ಒಂದೆರಡು ಲಾರಿಗಳ ಮಾಲೀಕರಲ್ಲಿ ದುಡಿಯುವ ಚಾಲಕನು ಈ ಮಿತಿಯನ್ನು ತಾನೇ ಮಾತಾಡಿ ಖಚಿತಪಡಿಸಿಕೊಳ್ಳಬೇಕಾಗಬಹುದು.

ಉದ್ಯೋಗ ಒಪ್ಪಿಕೊಳ್ಳುವಾಗ ಸಂಬಳ ತಿಂಗಳಿಗೋ ಟ್ರಿಪ್ಪಿಗೋ, ಬಾಟಾ ಎಷ್ಟು, ಟೋಲ್ ಮತ್ತು ದಂಡವನ್ನು ಯಾರು ಭರಿಸಬೇಕು, ಟೈರು ಸಿಡಿದರೆ ಖರ್ಚು ಯಾರದು, ಸಹಚಾಲಕ ಇರುತ್ತಾನೆಯೇ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು. ಸಾಲ ಮಾಡಿ ತರಬೇತಿ ಪಡೆಯುವವರು ಮೊದಲ ಕೆಲವು ತಿಂಗಳು ಪೂರ್ಣ ಸಂಬಳ ದೊರೆಯದಿರುವ ಸಾಧ್ಯತೆಯನ್ನು ಗಮನದಲ್ಲಿರಿಸಿಕೊಂಡು ಕಂತನ್ನು ನಿರ್ಧರಿಸತಕ್ಕದ್ದು.

7. ಚಾಲಕನ ಹೊಣೆಗಾರಿಕೆ

(ಅ) ಮಿತಿಮೀರಿದ ಭಾರ: ಅಧಿನಿಯಮದಂತೆ ರೂ. 20,000 ದಂಡ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ವಿಧಿಸಬಹುದು. ಸರಕು ತುಂಬಿಸಿದವರು ಮಾಲೀಕರಾದರೂ ಓಡಿಸಿದ ಚಾಲಕನೂ ಹೊಣೆಗಾರನಾಗುತ್ತಾನೆ.

(ಆ) ಮದ್ಯ ಸೇವಿಸಿ ಚಾಲನೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶವಿದ್ದಲ್ಲಿ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸ, ರೂ. 10,000 ದಂಡ ಅಥವಾ ಎರಡೂ.

(ಇ) ಅಪಘಾತ: ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕನ ಕರ್ತವ್ಯ. ಜನರ ಆಕ್ರೋಶದಂತಹ ತನ್ನ ಹತೋಟಿ ಮೀರಿದ ಕಾರಣದಿಂದ ಅದು ಸಾಧ್ಯವಾಗದಿದ್ದಲ್ಲಿ ಕಾನೂನು ವಿನಾಯಿತಿ ನೀಡುತ್ತದೆ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದಲ್ಲಿ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ವರದಿ ಮಾಡತಕ್ಕದ್ದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂತೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ.

8. ಪರವಾನಗಿಯ ಅವಧಿ

ಸಾರಿಗೆ ವಾಹನದ ಪರವಾನಗಿಯು 5 ವರ್ಷ ಮಾನ್ಯವಾಗಿರುತ್ತದೆ. ಅಪಾಯಕಾರಿ ವಸ್ತುಗಳ ಸಾಗಣೆಗೆ ವಿಶೇಷ ತರಬೇತಿ ಅಗತ್ಯವಾಗಿದ್ದು, ಆ ಪರವಾನಗಿಯ ಅವಧಿ 3 ವರ್ಷ. ಪ್ರತಿ ನವೀಕರಣಕ್ಕೂ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ. ಇಂದಿನ ದೃಷ್ಟಿ ಮತ್ತು ಆರೋಗ್ಯವನ್ನು ಕಾಪಾಡಿಕೊಂಡರಷ್ಟೇ ವೃತ್ತಿಯು ಮುಂದುವರಿಯುತ್ತದೆ.

9. ನಿರ್ಧಾರದ ಕ್ರಮ

ಮೊದಲನೆಯದಾಗಿ, ಓಡಿಸಲಿರುವ ವಾಹನದ ಒಟ್ಟು ತೂಕವನ್ನು ನೋಂದಣಿ ಪತ್ರದಲ್ಲಿ ನೋಡುವುದು. ಎರಡನೆಯದಾಗಿ, ವಯಸ್ಸು ಮತ್ತು ಲಘು ವಾಹನ ಪರವಾನಗಿಯ ದಿನಾಂಕವನ್ನು ಪರಿಶೀಲಿಸುವುದು. ಮೂರನೆಯದಾಗಿ, ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳುವುದು. ನಾಲ್ಕನೆಯದಾಗಿ, ಸಾಧ್ಯವಾದಲ್ಲಿ ಪರಿಚಯದ ಅನುಭವಿ ಚಾಲಕರೊಂದಿಗೆ ಒಂದು ದೀರ್ಘ ಪ್ರಯಾಣ ಕೈಗೊಂಡು ನಿದ್ರೆ, ಊಟ ಹಾಗೂ ಕಾಯುವಿಕೆಯನ್ನು ಸ್ವತಃ ಕಂಡು, ಕುಟುಂಬದವರೊಡನೆ ಸಮಾಲೋಚಿಸುವುದು. ಇವೆಲ್ಲ ತೃಪ್ತಿಕರವಾದ ನಂತರವೇ ಶಾಲೆಗೆ ಹಣ ಪಾವತಿಸುವುದು.

ಈ ಪರಿಶೀಲನೆಯ ನಂತರ ಬೇರೆ ವೃತ್ತಿಯೇ ಸೂಕ್ತವೆಂದು ತೋರಿದಲ್ಲಿ ಅರ್ಜಿದಾರರಿಗೆ ಯಾವ ನಷ್ಟವೂ ಇರುವುದಿಲ್ಲ. ಮುಂದುವರಿಯಲು ನಿರ್ಧರಿಸಿದವರು ತಮ್ಮ ವಾಸಸ್ಥಳದ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸಿ, ಅಗತ್ಯ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಲು ಕೋರಲಾಗಿದೆ.