ಸರ್ಪಸುತ್ತಿನ ಮದ್ದು ಬಂದ ದಾರಿ

ಸರ್ಪಸುತ್ತು ಎದ್ದವರಿಗೆ ಕೆಮ್ಮಣ್ಣಿನ ಲೇಪ ಹಚ್ಚಿ ಮಂತ್ರ ಹಾಕಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು. ಸೊಂಟವನ್ನು ಬಳಸಿ ಸಾಗುವ ಬೊಕ್ಕೆಗಳ ಸಾಲಿನಲ್ಲಿ ಹೆಡೆಯೂ ಬಾಲವೂ ಕೂಡಿದೊಡನೆ ರೋಗಿ ಉಳಿಯನೆಂಬ ಭಯವೂ ಅದರ ಜೊತೆಗೇ ಬಂದಿತು. ಆದರೆ ಆ ಸಾಲು ಸಾಮಾನ್ಯವಾಗಿ ದೇಹದ ಒಂದೇ ಮಗ್ಗುಲನ್ನು ಹಿಡಿದು ನಡುಗೆರೆಯ ಬಳಿ ನಿಂತುಬಿಡುತ್ತದೆ. ಇದರ ಕಾರಣವನ್ನು 1860ರ ದಶಕದ ಆದಿಯಲ್ಲಿ ತೋರಿಸಿಕೊಟ್ಟವನು ಬರ್ಲಿನ್ನಿನ ವೈದ್ಯ ಬೇರೆನ್‌ಸ್ಪ್ರುಂಗ್: ವ್ಯಾಧಿಯ ಮೂಲವಿರುವುದು ಚರ್ಮದಲ್ಲಲ್ಲ, ಬೆನ್ನುಹುರಿಯ ಪಕ್ಕದ ನರಗ್ರಂಥಿಯಲ್ಲಿ, ಒಂದು ಗ್ರಂಥಿಯ ಆಳ್ವಿಕೆ ಒಂದು ಮಗ್ಗುಲಿನ ಒಂದು ಪಟ್ಟಿಯಿಂದಾಚೆಗೆ ಹೋಗದು.

ಆ ಗ್ರಂಥಿಯಲ್ಲಿ ರೋಗವು ನೆಲಸುವುದೆಂತು ಎಂಬುದನ್ನು ಮನಗಾಣುವಂತೆ ವಿವರಿಸಿದವರು ದೊಡ್ಡ ಪ್ರಯೋಗಶಾಲೆಯ ಪಂಡಿತರಲ್ಲ, ಇಂಗ್ಲೆಂಡಿನ ಸೈರನ್ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯರಾದ ಎಡ್ಗರ್ ಹೋಪ್-ಸಿಂಪ್ಸನ್. ತಮ್ಮಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳ ವಿವರವನ್ನು ವರ್ಷಾನುವರ್ಷ ಬರೆದಿಟ್ಟು 1965ರಲ್ಲಿ ಅವರು ಮಂಡಿಸಿದ ಸಿದ್ಧಾಂತದಂತೆ, ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಾಣು ನರಗ್ರಂಥಿಯಲ್ಲಿ ದಶಕಗಳ ಕಾಲ ಸುಪ್ತವಾಗಿದ್ದು, ವಾರ್ಧಕ್ಯದಲ್ಲಿ ದೇಹದ ಪ್ರತಿರೋಧ ಕುಗ್ಗಿದಾಗ ಎಚ್ಚೆತ್ತು, ನರದ ಹಾದಿಯಲ್ಲೇ ಚರ್ಮಕ್ಕೆ ಇಳಿಯುತ್ತದೆ. ತಾಳ್ಮೆಯ ಆ ದಾಖಲೆಯನ್ನು ಯಾವ ಸೂಕ್ಷ್ಮದರ್ಶಕದ ಸಾಧನೆಗೂ ಕಡಮೆಯೆಂದು ನಾನು ಎಣಿಸಲಾರೆ.

ಮದ್ದು ಹುಟ್ಟಿದ್ದು 1970ರ ದಶಕದಲ್ಲಿ. ವೈರಾಣುವನ್ನು ಹತ್ತಿಕ್ಕುವ ಔಷಧ ರೋಗಿಯ ಜೀವಕೋಶಗಳನ್ನೂ ಬಾಧಿಸದೆ ಬಿಡದೆಂದು ವೈದ್ಯಲೋಕ ಶಂಕಿಸುತ್ತಿದ್ದ ಕಾಲವದು. ಹೆಂಗಸೆಂಬ ಕಾರಣಕ್ಕೆ ಪ್ರಯೋಗಶಾಲೆಗಳಲ್ಲಿ ಕೆಲಸ ನಿರಾಕರಿಸಲ್ಪಟ್ಟಿದ್ದ, ಡಾಕ್ಟರೇಟ್ ಸಂಶೋಧನೆಯನ್ನು ಪೂರೈಸದೆಯೇ 1988ರ ನೊಬೆಲ್ ಪಾರಿತೋಷಕಕ್ಕೆ ಭಾಜನರಾದ ಗರ್ಟ್ರೂಡ್ ಎಲಿಯನ್, ಅಮೆರಿಕದ ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಸಹೋದ್ಯೋಗಿಗಳೊಡನೆ ಶೋಧಿಸಿದ ಅಸೈಕ್ಲೊವಿರ್ ಆ ಶಂಕೆಯನ್ನು ನೀಗಿಸಿತು. ಅದು ವೈರಾಣುವಿನದೇ ಕಿಣ್ವದಿಂದ ಚೇತನಗೊಂಡು ಅದರ ಡಿಎನ್‌ಎ ಸರಪಳಿ ಮುಂದೆ ಬೆಳೆಯದಂತೆ ತಡೆಯುತ್ತದೆ. ಸೋಂಕಿಲ್ಲದ ಕೋಶದಲ್ಲಿ ಬಹುಮಟ್ಟಿಗೆ ನಿಷ್ಕ್ರಿಯವಾಗಿರುತ್ತದೆ. ದಿನಕ್ಕೆ ಐದು ಬಾರಿ ನುಂಗಬೇಕಾದ ಆ ಗುಳಿಗೆಯ ಜೊತೆಗೆ 1990ರ ದಶಕದಲ್ಲಿ ಮೂರು ಬಾರಿಗೆ ಸಾಲುವ ವ್ಯಾಲಸೈಕ್ಲೊವಿರ್ ಬಂದಿತು.

ಆದರೂ ಗೆಲವು ಅಪೂರ್ಣ. ಬೊಕ್ಕೆಗಳೊಣಗಿ ಮೂರು ತಿಂಗಳು ಕಳೆದ ಮೇಲೆಯೂ ಬಟ್ಟೆ ಸೋಕಿದರೆ ಸಹಿಸಲಾಗದಂತೆ ಉರಿಯುವ ನರವೇದನೆಯುಂಟಲ್ಲ, ವೈರಾಣುವನ್ನು ತಡೆಯುವ ಮದ್ದು ಅದನ್ನು ಖಚಿತವಾಗಿ ತಪ್ಪಿಸುವುದೆಂದು ಸಿದ್ಧವಾಗಿಲ್ಲ. ಅದಕ್ಕೆ ಖಿನ್ನತೆಯ ಅಮಿಟ್ರಿಪ್ಟಿಲೀನನ್ನೂ ಅಪಸ್ಮಾರದ ಗ್ಯಾಬಪೆಂಟಿನ್ನನ್ನೂ ಎರವಲು ತರಬೇಕಾಯಿತು. ಬೊಕ್ಕೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದಾಗಲೇ ಅಸೈಕ್ಲೊವಿರ್ ಚೆನ್ನಾಗಿ ಫಲಿಸುವುದು. ಮನೆಯ ಹಿರಿಯರ ಮೈಯಲ್ಲಿ ಒಂದೇ ಮಗ್ಗುಲಿಗೆ ಉರಿಯೊಡನೆ ಬೊಕ್ಕೆಗಳು ಕಂಡರೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಕಣ್ಣಿನ ಸುತ್ತ ಎದ್ದಿದ್ದರಂತೂ ಕ್ಷಣವೂ ತಡಮಾಡಬೇಡಿರಿ.