ಬೇಸಿಗೆ ನಾಯಕತ್ವ ಶಿಬಿರ (ಅಂತರರಾಷ್ಟ್ರೀಯ ವ್ಯವಹಾರ)

ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳನ್ನು ರಜೆಯಲ್ಲಿ ಒಂದೆಡೆ ಕೂಡಿಸಿ, ರಾಜತಾಂತ್ರಿಕತೆ, ಯುದ್ಧ, ಶಾಂತಿ, ವ್ಯಾಪಾರ ಮುಂತಾದ ವಿಷಯಗಳನ್ನು ಪಾಠ, ಚರ್ಚೆ ಮತ್ತು ಸಹವಾಸದ ಮೂಲಕ ಕಲಿಸುವ ವಸತಿ ಕಾರ್ಯಕ್ರಮ. ಎರಡು ವಾರದಿಂದ ಆರು ವಾರದವರೆಗೆ ನಡೆಯುವುದು ವಾಡಿಕೆ. ಇಂಥ ಶಿಬಿರಗಳ ಪಾಠಪಟ್ಟಿಗಳನ್ನು ಹೋಲಿಸಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಯಾರನ್ನು ಕರೆದರು, ಹಣ ಯಾರು ಕೊಟ್ಟರು, ಯಾರನ್ನು ಯಾರ ಜೊತೆ ಒಂದೇ ಕೋಣೆಯಲ್ಲಿ ಇರಿಸಿದರು ಎಂಬುದರಲ್ಲೇ ಅವುಗಳ ನಿಜವಾದ ಗುಣಾವಗುಣ ಅಡಗಿದೆ.

ಈ ಪದ್ಧತಿಯ ಬೇರು ಮೊದಲ ಮಹಾಯುದ್ಧದ ನಂತರದ ಯೂರೋಪಿನಲ್ಲಿದೆ. ವೇಲ್ಸ್‌ನ ಆಬರಿಸ್ಟ್‌ವಿತ್‌ನಲ್ಲಿ 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ರಾಜಕಾರಣದ ಪೀಠಕ್ಕೆ ಮೊದಲ ಪ್ರಾಧ್ಯಾಪಕರಾಗಿದ್ದ ಆಲ್‌ಫ್ರೆಡ್ ಝಿಮ್ಮರ್ನ್, 1920ರ ದಶಕದಲ್ಲಿ ಜಿನೀವಾದಲ್ಲಿ ಬೇಸಿಗೆ ಶಾಲೆಯೊಂದನ್ನು ನಡೆಸಿದರು. ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘದ ಕಚೇರಿ ಇದ್ದದ್ದು ಅದೇ ಊರಿನಲ್ಲಿ. ಪುಸ್ತಕದಲ್ಲಿ ಓದಿದ ಸಂಸ್ಥೆ ಅಲ್ಲಿ ಬೀದಿಯಾಚೆಗೇ ಕೆಲಸ ಮಾಡುತ್ತಿತ್ತು. ಕಲಿಯುವ ವಿಷಯಕ್ಕೂ ಕಲಿಯುವ ಜಾಗಕ್ಕೂ ಸಂಬಂಧ ಇರಬೇಕೆಂಬ ಸೂತ್ರ ಅಲ್ಲಿ ಸ್ಪಷ್ಟವಾಗಿ ಕಂಡಿತು. ಇಂದಿಗೂ ಜಿನೀವಾ, ನ್ಯೂಯಾರ್ಕ್, ಹೇಗ್, ಬ್ರಸೆಲ್ಸ್‌ಗಳಲ್ಲಿ ಬೇಸಿಗೆ ಶಿಬಿರಗಳು ದಟ್ಟವಾಗಿರುವುದು ಇದೇ ಕಾರಣಕ್ಕೆ.

ಎರಡನೆಯ ಮಹಾಯುದ್ಧ ಮುಗಿದ ಎರಡು ವರ್ಷಕ್ಕೆ, 1947ರಲ್ಲಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಲಿಯೋಪೋಲ್ಡ್ಸ್‌ಕ್ರೋನ್ ಅರಮನೆಯ ಶಿಬಿರ ಶುರುವಾಯಿತು. ಆ ಶಿಬಿರವನ್ನು ಸಂಘಟಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಲೆಮೆನ್ಸ್ ಹೆಲ್ಲರ್, ರಿಚರ್ಡ್ ಕ್ಯಾಂಪ್‌ಬೆಲ್ ಮತ್ತು ಸ್ಕಾಟ್ ಎಲೆಡ್ಜ್. ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರಿಂದ ನಾಜಿಗಳು ಕಿತ್ತುಕೊಂಡಿದ್ದ ಆ ಮನೆಯನ್ನು ಬಳಸಲು ಅವರ ಪತ್ನಿ ಹೆಲೆನ್ ಥಿಮಿಗ್ ಒಪ್ಪಿಗೆ ಕೊಟ್ಟರು. ಸಾಹಿತ್ಯ ವಿಮರ್ಶಕ ಎಫ್. ಒ. ಮ್ಯಾಥಿಸನ್, ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್, ಅರ್ಥಶಾಸ್ತ್ರಜ್ಞ ವಾಸಿಲಿ ಲಿಯೊಂಟಿಯೆಫ್ ಮೊದಲ ವರ್ಷವೇ ಪಾಠ ಮಾಡಿದರು. ಮೂರು ವರ್ಷ ಹಿಂದೆ ಪರಸ್ಪರ ಗುಂಡು ಹಾರಿಸುತ್ತಿದ್ದ ದೇಶಗಳ ತರುಣರನ್ನು ಕೂಡಿಸಿ ಅವರಿಗೆ ಅಮೆರಿಕದ ಸಾಹಿತ್ಯ ಹೇಳಿಕೊಟ್ಟದ್ದು ಮೇಲ್ನೋಟಕ್ಕೆ ವಿಚಿತ್ರ ಆಯ್ಕೆ. ಆದರೆ ಅದು ಜಾಣ ಆಯ್ಕೆಯೂ ಹೌದು: ಯಾರ ಗಾಯವನ್ನೂ ನೇರವಾಗಿ ಮುಟ್ಟದ ವಿಷಯವೊಂದು ಎಲ್ಲರಿಗೂ ಮಾತು ಆರಂಭಿಸಲು ನೆಲ ಒದಗಿಸಿತು.

ಹಣದ ಮೂಲ ಎಷ್ಟು ಮುಖ್ಯ ಎಂಬುದಕ್ಕೆ ಹಾರ್ವರ್ಡ್‌ನ ಮತ್ತೊಂದು ಬೇಸಿಗೆ ಕಾರ್ಯಕ್ರಮ ಸಾಕ್ಷಿ. ಆಗ ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದ ಹೆನ್ರಿ ಕಿಸಿಂಜರ್ 1951ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಸೆಮಿನಾರ್ ಆರಂಭಿಸಿದರು. ಪತ್ರಕರ್ತರು, ಲೇಖಕರು, ಎಳೆಯ ರಾಜಕಾರಣಿಗಳು, ಹೀಗೆ ಮುಂದೆ ಬರಬಹುದೆಂದು ತೋರಿದವರನ್ನು ಆರಿಸಿ ಕರೆಸಿದರು. ಆಯ್ಕೆ ಅಸಾಧಾರಣವಾಗಿ ಫಲಿಸಿತು. 1953ರಲ್ಲಿ ಬಂದಿದ್ದ ಯಾಸುಹಿರೊ ನಕಾಸೊನೆ 1982ರಲ್ಲಿ ಜಪಾನಿನ ಪ್ರಧಾನಿಯಾದರು. 1957ರಲ್ಲಿ ಬಂದಿದ್ದ ಬುಲೆಂತ್ ಎಜೆವಿತ್ ಟರ್ಕಿಯ ಪ್ರಧಾನಿಯಾದರು. ಆದರೆ ಸೆಮಿನಾರಿನ ಹಣದಲ್ಲಿ ಒಂದು ಪಾಲು ಪ್ರತಿಷ್ಠಾನಗಳ ಮರೆಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ ಬಂದಿತ್ತು ಎಂಬುದು 1967ರಲ್ಲಿ ಬಯಲಾಯಿತು. ಅದರ ಅರಿವಿಲ್ಲದೆ ಬಂದು ಹೋಗಿದ್ದವರ ಮೇಲೂ ಅನುಮಾನ ಬೀಳುವಂತಾಯಿತು. ಪರಿಚಯದಿಂದಲೇ ಶಾಂತಿ ಹುಟ್ಟುತ್ತದೆ ಎಂಬ ನಂಬಿಕೆಗೂ ಇಲ್ಲಿ ಒಂದು ಮಿತಿ ಕಾಣುತ್ತದೆ. 1974ರ ಜುಲೈನಲ್ಲಿ ಟರ್ಕಿಯ ಸೇನೆ ಸೈಪ್ರಸ್‌ನಲ್ಲಿ ಇಳಿದಾಗ ಟರ್ಕಿಯಲ್ಲಿ ಎಜೆವಿತ್ ಪ್ರಧಾನಿ, ಅಮೆರಿಕದಲ್ಲಿ ಕಿಸಿಂಜರ್ ವಿದೇಶಾಂಗ ಸಚಿವ. ಫೋನಿನಲ್ಲಿ ಸಲುಗೆಯಿಂದ ಮಾತಾಡಲು ಹಳೆಯ ಗುರುತು ನೆರವಾಗಿರಬಹುದು, ಸೇನೆಯನ್ನಂತೂ ಅದು ತಡೆಯಲಿಲ್ಲ.

ಶಿಬಿರಾರ್ಥಿಗಳ ವಯಸ್ಸು ಎಷ್ಟಿರಬೇಕು ಎಂಬ ಪ್ರಶ್ನೆಗೆ ಕಿಸಿಂಜರ್ ಅವರದಕ್ಕೆ ತದ್ವಿರುದ್ಧ ಉತ್ತರ ಕೊಟ್ಟವರು ಸಿನ್ಸಿನಾಟಿಯ ಮನೋವಿಜ್ಞಾನಿ ಡೋರಿಸ್ ಆಲೆನ್. 1951ರಲ್ಲಿ ಓಹಾಯೊದ ಗ್ಲೆಂಡೇಲ್‌ನಲ್ಲಿ ಅವರು ನಡೆಸಿದ ಮೊದಲ ಮಕ್ಕಳ ಬೇಸಿಗೆ ಗ್ರಾಮಕ್ಕೆ ಕರೆದದ್ದು 11 ವರ್ಷದವರನ್ನು: ತಮ್ಮ ದೇಶ ಯಾವುದೆಂದು ತಿಳಿಯುವಷ್ಟು ದೊಡ್ಡವರು, ಪೂರ್ವಗ್ರಹ ಗಟ್ಟಿಯಾಗದಷ್ಟು ಚಿಕ್ಕವರು. ಒಂದು ದೇಶದಿಂದ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ಜೊತೆಗೆ ಒಬ್ಬ ಹಿರಿಯರು ಎಂಬ ಲೆಕ್ಕ ಅವರು ಕಟ್ಟಿದ ಸಂಸ್ಥೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ. ಒಂದು ದೇಶದವರದೇ ದೊಡ್ಡ ಗುಂಪಾದರೆ ಅವರು ತಮ್ಮ ಭಾಷೆಯಲ್ಲೇ ಮುಳುಗಿಬಿಡುತ್ತಾರೆ ಎಂಬುದನ್ನು ಶಿಬಿರ ನಡೆಸಿದವರಿಗೆಲ್ಲ ಹೇಳಿಕೊಡಬೇಕಿಲ್ಲ.

ಶಿಬಿರದ ದಿನಚರಿ ರೂಪಿಸುವವರು ಆಗಾಗ ನೆನೆಯುವುದು ಟರ್ಕಿ ಮೂಲದ ಮನೋವಿಜ್ಞಾನಿ ಮುಜಾಫರ್ ಶೆರಿಫ್ 1954ರಲ್ಲಿ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ನಡೆಸಿದ ಪ್ರಯೋಗವನ್ನು. 22 ಹುಡುಗರನ್ನು ಎರಡು ತಂಡ ಮಾಡಿ ಸ್ಪರ್ಧೆಗೆ ಬಿಟ್ಟಾಗ ಹಗೆ ಬೆಳೆಯಿತು. ಸುಮ್ಮನೆ ಒಟ್ಟಿಗೆ ಊಟಕ್ಕೆ ಕೂರಿಸಿದ್ದರಿಂದ ಅದು ತಗ್ಗಲಿಲ್ಲ. ನೀರಿನ ಪೂರೈಕೆ ನಿಂತಾಗ ಎರಡೂ ತಂಡ ಸೇರಿ ಸರಿಪಡಿಸಬೇಕಾಗಿ ಬಂತು, ಆಮೇಲೆ ಹಗೆ ಇಳಿಯಿತು. ಹಿಂದಿನ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಪ್ರಯತ್ನ ಮಾಡಿದಾಗ ಹುಡುಗರು ಜಗಳಕ್ಕೇ ಇಳಿಯದೆ ಪ್ರಯೋಗವನ್ನು ಕೈಬಿಡಬೇಕಾಗಿತ್ತು. ಆದ್ದರಿಂದ ಈ ಫಲಿತಾಂಶವನ್ನು ಎಚ್ಚರದಿಂದ ಓದುವುದು ಒಳ್ಳೆಯದು. ಅದೇ 1954ರಲ್ಲಿ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ ಪ್ರಕಟಿಸಿದ ಗ್ರಂಥವೂ ಸಮಾನ ಸ್ಥಾನಮಾನ, ಸಮಾನ ಗುರಿ, ಸಹಕಾರ ಮತ್ತು ಅಧಿಕಾರಸ್ಥರ ಬೆಂಬಲ ಇದ್ದಾಗ ಮಾತ್ರ ಒಡನಾಟ ಪೂರ್ವಗ್ರಹವನ್ನು ಕುಗ್ಗಿಸುತ್ತದೆ ಎಂದು ವಾದಿಸಿತು.

ಈ ವಿಚಾರಗಳು ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದದ್ದು ‘ಸೀಡ್ಸ್ ಆಫ್ ಪೀಸ್’ ಶಿಬಿರದಲ್ಲಿ. ಪತ್ರಕರ್ತ ಜಾನ್ ವಾಲಕ್ 1993ರಲ್ಲಿ ಇಸ್ರೇಲ್, ಪ್ಯಾಲೆಸ್ಟೀನ್, ಈಜಿಪ್ಟ್‌ಗಳ 46 ಹದಿಹರೆಯದವರೊಂದಿಗೆ ಅಮೆರಿಕದ ಮೇನ್ ರಾಜ್ಯದಲ್ಲಿ ಇದನ್ನು ತೆರೆದರು. ಆಟಿಸ್‌ಫೀಲ್ಡ್ ಎಂಬ ಸಣ್ಣ ಊರಿನ ಸರೋವರದ ದಂಡೆಯಲ್ಲಿ ನಡೆಯುತ್ತಿದ್ದ ಈ ಶಿಬಿರಕ್ಕೆ 2001ರಿಂದ ಭಾರತ ಮತ್ತು ಪಾಕಿಸ್ತಾನದ ವಿದ್ಯಾರ್ಥಿಗಳೂ ಬಂದರು. ಎಲ್ಲರಿಗೂ ಒಂದೇ ಹಸಿರು ಅಂಗಿ, ಕ್ರೀಡೆ, ಈಜು; ಅದರ ನಡುವೆ ತರಬೇತಾದ ಸಂಚಾಲಕರ ಎದುರು ನಿತ್ಯ ಸಂವಾದ. ಸಂವಾದದಲ್ಲಿ ಸಿಟ್ಟು, ಅಳು, ಎದ್ದು ಹೋಗುವುದು ಎಲ್ಲವೂ ನಡೆಯುತ್ತಿತ್ತು. ರಾತ್ರಿ ಮತ್ತೆ ಅದೇ ಕೋಣೆಗೆ ಮರಳಬೇಕಿತ್ತು. ಶಿಕಾಗೊ ವಿಶ್ವವಿದ್ಯಾಲಯದ ಜೇನ್ ರೈಸನ್ ಮತ್ತು ಜೂಲಿಯಾನಾ ಶ್ರೋಡರ್ ಈ ಶಿಬಿರಾರ್ಥಿಗಳನ್ನು ಅಧ್ಯಯನ ಮಾಡಿ ಕಂಡುಕೊಂಡದ್ದು ಇಷ್ಟು: ಶಿಬಿರ ಮುಗಿದಾಗ ಎದುರು ಪಕ್ಷದ ಬಗೆಗಿನ ಭಾವನೆ ಸುಧಾರಿಸಿರುತ್ತದೆ, ಊರಿಗೆ ಹೋದ ಮೇಲೆ ಒಂದಿಷ್ಟು ಹಿಂದೆ ಸರಿಯುತ್ತದೆ. ಆ ಕಡೆಯ ಒಬ್ಬರಾದರೂ ಆಪ್ತ ಸ್ನೇಹಿತರಾಗಿದ್ದವರಲ್ಲಿ ಸುಧಾರಣೆ ಹೆಚ್ಚು. ಒಂದೇ ಕೋಣೆಯಲ್ಲಿ ಅಥವಾ ಒಂದೇ ಸಂವಾದ ಗುಂಪಿನಲ್ಲಿ ಇದ್ದವರ ನಡುವೆ ಅಂಥ ಸ್ನೇಹ ಕುದುರುವ ಸಾಧ್ಯತೆಯೂ ಹೆಚ್ಚು. ಕೋಣೆ ಹಂಚಿಕೆಯನ್ನು ಗುಮಾಸ್ತರ ಕೆಲಸವೆಂದು ಬಿಟ್ಟುಬಿಡುವ ಸಂಘಟಕರು ತಮ್ಮ ಕೈಯಲ್ಲಿರುವ ಪ್ರಬಲ ಸಾಧನವನ್ನೇ ಬಿಟ್ಟುಕೊಟ್ಟಂತೆ.

ಹಾಗೆಂದು ಶಿಬಿರಕ್ಕೆ ಹೊರಜಗತ್ತನ್ನು ತಡೆಯುವ ಬಲವಿಲ್ಲ. ಇಸ್ರೇಲಿನ ಪ್ರಜೆಯಾಗಿದ್ದ ಅರಬ್ ಶಿಬಿರಾರ್ಥಿ ಅಸೀಲ್ ಅಸ್ಲೆ, 17ರ ಹರೆಯದಲ್ಲಿ, 2000ದ ಅಕ್ಟೋಬರಿನ ಪ್ರತಿಭಟನೆಗಳ ವೇಳೆ ಪೊಲೀಸರ ಗುಂಡಿಗೆ ಬಲಿಯಾದಾಗ ಮೈಮೇಲೆ ಇದ್ದದ್ದು ಅದೇ ಹಸಿರು ಅಂಗಿ. ಅನಂತರ ಊರಿನಲ್ಲೇ ಮುಂದುವರಿಯುವ ಭೇಟಿಗಳಿಲ್ಲದ ಶಿಬಿರ ಅರ್ಧ ಕೆಲಸವೆಂಬ ಮಾತು ಸಂಘಟಕರಲ್ಲಿ ಬಲವಾಯಿತು.

ಶಿಬಿರಗಳಲ್ಲಿ ತರಗತಿಯ ಪಾಠಕ್ಕಿಂತ ಅಣಕು ಅಧಿವೇಶನ ಇಂದು ಹೆಚ್ಚು ಜನಪ್ರಿಯ. 1920ರ ದಶಕದ ಅಣಕು ರಾಷ್ಟ್ರಸಂಘದಿಂದ ಅಣಕು ವಿಶ್ವಸಂಸ್ಥೆ ಬೆಳೆಯಿತು. 1950ರ ದಶಕದ ಕೊನೆಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಗೆಟ್ಸ್‌ಕೊ ಕಾಲ್ಪನಿಕ ದೇಶಗಳ ನಡುವಿನ ಆಟವನ್ನು ರೂಪಿಸಿದರು. ನಿಯಮಾವಳಿಯ ಪ್ರಕಾರ ಭಾಷಣ ಮಾಡುವುದರಲ್ಲಿ ನಿಪುಣರಾಗುವುದಕ್ಕೂ ಸಂಧಾನ ಮಾಡುವುದಕ್ಕೂ ಅಂತರ ಬಹಳ. ತನ್ನದಲ್ಲದ ದೇಶದ ಪಾತ್ರ ವಹಿಸಿದಾಗ, ನಡುರಾತ್ರಿ ಹೊಸ ಸುದ್ದಿ ಬಂದು ಲೆಕ್ಕಾಚಾರವೆಲ್ಲ ತಲೆಕೆಳಗಾದಾಗ ಸಂಧಾನದ ಕಲೆ ಬರುತ್ತದೆ.

ಕರ್ನಾಟಕದ ವಿದ್ಯಾರ್ಥಿಗಳಿಗೆ ಮೊದಲ ತೊಡಕು ಪಂಚಾಂಗದ್ದೇ. ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್-ಮೇನಲ್ಲಿ. ಅಮೆರಿಕ, ಯೂರೋಪಿನ ಶಿಬಿರಗಳು ಬಹುಪಾಲು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಇಲ್ಲಿ ಪಾಠ ಭರದಿಂದ ಸಾಗಿರುವಾಗ. ಹಾಜರಾತಿಗೆ ಕಾಲೇಜಿನ ಅನುಮತಿ, ವೀಸಾ ಸಂದರ್ಶನಕ್ಕೆ ಕಾಯುವಿಕೆ, ವಿಮಾನದ ಟಿಕೆಟ್ ಎಲ್ಲ ಸೇರಿದರೆ ಶುಲ್ಕ ಕಟ್ಟಬಲ್ಲವರ ಮಕ್ಕಳೇ ಉಳಿಯುತ್ತಾರೆ. ಶುಲ್ಕದಿಂದಲೇ ನಡೆಯುವ ವಿಶ್ವವಿದ್ಯಾಲಯ ಆವರಣದ ಕಾರ್ಯಕ್ರಮಗಳಲ್ಲಿ ಪ್ರವೇಶಪತ್ರ ಸಿಕ್ಕಿತೆಂದರೆ ವಿದ್ಯಾರ್ಥಿವೇತನ ಸಿಕ್ಕಿತೆಂದು ಅರ್ಥವಲ್ಲ. ಪ್ರಸಿದ್ಧ ವಿಶ್ವವಿದ್ಯಾಲಯದ ಹೆಸರಿನ ಕಟ್ಟಡದಲ್ಲಿ ನಡೆದರೂ ಕಾರ್ಯಕ್ರಮ ಖಾಸಗಿ ಕಂಪನಿಯದಾಗಿರಬಹುದು. ಅರ್ಜಿ ಹಾಕುವ ಮುನ್ನ ನಡೆಸುವವರು ಯಾರು, ನೆರವಿನ ಹಣ ಎಷ್ಟು ಮಂದಿಗೆ ಸಿಗುತ್ತದೆ, ಅಧ್ಯಯನಕ್ಕೆ ಕ್ರೆಡಿಟ್ ಇದೆಯೇ ಎಂಬ ಮೂರನ್ನು ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯುವುದು ಒಳ್ಳೆಯದು.